ಖಾಲಿ ನೋಟುಪುಸ್ತಕ ತಂದ ತಂದೆ

1844ರ ಕ್ರಿಸ್‌ಮಸ್ ಸಮೀಪಿಸಿದಾಗ ಫ್ರಾಂಕ್‌ಫರ್ಟ್ ನಗರದ ವೈದ್ಯ ಹೈನ್ರಿಷ್ ಹಾಫ್‌ಮನ್ ತಮ್ಮ ಮೂರು ವರ್ಷದ ಮಗ ಕಾರ್ಲ್‌ಗಾಗಿ ಚಿತ್ರಪುಸ್ತಕವೊಂದನ್ನು ಹುಡುಕಿಕೊಂಡು ಪೇಟೆಗೆ ಹೋದರು. ಅಂಗಡಿಗಳಲ್ಲಿದ್ದುದು ಉದ್ದುದ್ದ ಕಥೆಗಳು, ಇಲ್ಲವೇ ಒಣ ಉಪದೇಶಗಳು. ಅವರು ಮನೆಗೆ ತಂದದ್ದು ಒಂದು ಖಾಲಿ ನೋಟುಪುಸ್ತಕ. ಅದರಲ್ಲಿ ತಾವೇ ಪದ್ಯ ಕಟ್ಟಿ, ಚಿತ್ರ ಬರೆದು ಮಗನಿಗೆ ಕೊಟ್ಟರು. ‘ಷ್ಟ್ರುವೆಲ್‌ಪೇಟರ್’, ಎಂದರೆ ಕೆದರುಗೂದಲಿನ ಪೇಟರ್, ಎಂಬ ಹೆಸರಿನಿಂದ ಮುಂದೆ ಲೋಕಪ್ರಸಿದ್ಧವಾದ ಪುಸ್ತಕ ಹುಟ್ಟಿದ್ದು ಹೀಗೆ.

ಹಾಫ್‌ಮನ್ ಹುಟ್ಟಿದ್ದು 1809ರ ಜೂನ್ 13ರಂದು. ತಂದೆ ವಾಸ್ತುಶಿಲ್ಪಿ, ತಾಯಿ ಇವರ ಶೈಶವದಲ್ಲೇ ತೀರಿಕೊಂಡರು. ಹೈಡೆಲ್‌ಬರ್ಗ್ ಮತ್ತು ಹಾಲೆಯಲ್ಲಿ ವೈದ್ಯಶಾಸ್ತ್ರ ಓದಿ, ಫ್ರಾಂಕ್‌ಫರ್ಟ್‌ನ ಬಡವರ ಚಿಕಿತ್ಸಾಲಯದಲ್ಲಿ ದುಡಿದರು. ಹಟಮಾರಿ ಮಕ್ಕಳಿಗೆ ವೈದ್ಯರನ್ನೇ ಗುಮ್ಮನಾಗಿ ತೋರಿಸುತ್ತಿದ್ದ ಕಾಲ ಅದು. ರೋಗಿ ಮಗು ಅಳಲಾರಂಭಿಸಿದರೆ ಹಾಫ್‌ಮನ್ ಪೆನ್ಸಿಲ್ ತೆಗೆದು, ಕೂದಲು ಉಗುರು ಬೆಳೆಸಿಕೊಂಡ ಹುಡುಗನೊಬ್ಬನ ಚಿತ್ರ ಬರೆಯುತ್ತಿದ್ದರು. ಮಗು ಕುತೂಹಲದಿಂದ ಸುಮ್ಮನಾಗುತ್ತಿತ್ತು. ಆಗ ನಾಡಿ ನೋಡುವುದು ಸುಲಭವಾಗುತ್ತಿತ್ತು.

ಸ್ನೇಹಿತರ ಒತ್ತಾಯದಿಂದ 1845ರಲ್ಲಿ ಪುಸ್ತಕ ಅಚ್ಚಾಯಿತು. ಹಾಫ್‌ಮನ್ ತಮ್ಮ ನಿಜ ಹೆಸರು ಹಾಕಲಿಲ್ಲ. ಕಲ್ಲಚ್ಚಿನ ಕೆಲಸಗಾರರು ತಮ್ಮ ಒರಟು ಚಿತ್ರಗಳನ್ನು ತಿದ್ದಿ ಅಂದಗೊಳಿಸದಂತೆ ಕಾವಲು ಕುಳಿತರು. ಮೊದಲ 1,500 ಪ್ರತಿಗಳು ಕೆಲವೇ ವಾರಗಳಲ್ಲಿ ಮುಗಿದವು. 1848ರಲ್ಲಿ ಇಂಗ್ಲಿಷ್ ಅನುವಾದ ಬಂತು. 1891ರಲ್ಲಿ ಬರ್ಲಿನ್‌ನಲ್ಲಿದ್ದ ಮಾರ್ಕ್ ಟ್ವೇನ್ ತಮ್ಮ ಹೆಣ್ಣುಮಕ್ಕಳಿಗಾಗಿ ಇದನ್ನು ಅನುವಾದಿಸಿದರು.

ಈ ಪುಸ್ತಕದ ಬಗೆಗೆ ಆಕ್ಷೇಪಗಳೂ ಕಡಿಮೆಯೇನಲ್ಲ. ಸೂಪು ಬೇಡವೆಂದ ಕಾಸ್ಪರ್ ಐದನೆಯ ದಿನ ಸಾಯುತ್ತಾನೆ. ಬೆರಳು ಚೀಪುವವನ ಹೆಬ್ಬೆರಳನ್ನು ದರ್ಜಿ ಕತ್ತರಿಸುತ್ತಾನೆ. ಮಕ್ಕಳಿಗೆ ಇಂಥ ಕ್ರೌರ್ಯವೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಇದು ತಂದೆಯ ಮಗ್ಗುಲಲ್ಲಿ ಕುಳಿತು ಕೇಳಲೆಂದು ಹುಟ್ಟಿದ ಪುಸ್ತಕ ಎಂಬುದನ್ನು ಮರೆಯಬಾರದು. ಅತಿಶಯೋಕ್ತಿಯನ್ನು ಅತಿಶಯೋಕ್ತಿಯೆಂದು ಮಗುವಿಗೆ ತಿಳಿಸುವುದು ಓದುವವರ ದನಿ. ಊಟದ ಮೇಜಿನಲ್ಲಿ ಕುರ್ಚಿ ಅಲ್ಲಾಡಿಸುತ್ತ, ಮೇಜುಬಟ್ಟೆಯ ಸಮೇತ ಊಟವನ್ನೆಲ್ಲ ಉರುಳಿಸುವ ಫಿಲಿಪ್‌ನ ಕಥೆಯಲ್ಲಿ ತಂದೆತಾಯಿಯರೂ ಅಸಹಾಯಕ ಪಾತ್ರಗಳೇ. ಅಲ್ಲಿ ಮಗುವೂ ಹಿರಿಯರೂ ಕೂಡಿ ನಗಬಹುದು. ಮಗುವಿನ ಕೈಗೆ ಕೊಟ್ಟು ನಾವು ಎದ್ದುಹೋದರೆ ಅದೇ ಪುಟ ಬರಿಯ ಬೆದರಿಕೆಯಾಗುತ್ತದೆ.

ಆಡಳಿತದಲ್ಲಿ ಆಯುಷ್ಯ ಕಳೆದ ನನಗೆ ಹಾಫ್‌ಮನ್‌ರ ಇನ್ನೊಂದು ಬದುಕೂ ಅಷ್ಟೇ ಆದರಣೀಯ. 1851ರಲ್ಲಿ ಅವರು ನಗರದ ಮಾನಸಿಕ ರೋಗಿಗಳ ಆಸ್ಪತ್ರೆಯ ಮುಖ್ಯಸ್ಥರಾದರು. ಹಳೆಯ ಕಟ್ಟಡ ಮನುಷ್ಯರ ವಾಸಕ್ಕೆ ತಕ್ಕುದಲ್ಲವೆಂದು ಕಂಡು, ವರ್ಷಗಟ್ಟಲೆ ನಾಗರಿಕರ ಮನವೊಲಿಸಿ, ಹಣ ಕೂಡಿಸಿ, 1864ರಲ್ಲಿ ಊರ ಹೊರಗೆ ವಿಶಾಲವಾದ ಆಸ್ಪತ್ರೆಯನ್ನು ತೆರೆಸಿದರು. 1888ರವರೆಗೂ ಅಲ್ಲಿಯೇ ದುಡಿದು, 1894ರ ಸೆಪ್ಟೆಂಬರ್ 20ರಂದು ತೀರಿಕೊಂಡರು. ಆ ಸ್ಥಳದಲ್ಲಿ ಇಂದು ವಿಶ್ವವಿದ್ಯಾಲಯದ ಆವರಣವಿದೆ. ಕಟ್ಟಡ ಅಳಿಯಿತು, ನೋಟುಪುಸ್ತಕ ಉಳಿಯಿತು. ಅಳುವ ಮಗುವನ್ನಾಗಲಿ, ಊರು ದೂರವಿಟ್ಟ ರೋಗಿಯನ್ನಾಗಲಿ ಹತ್ತಿರ ಕುಳಿತು ನೋಡಿದ ಕಣ್ಣು ಮಾತ್ರ ಒಂದೇ.

ನಾನು ಓದಿದ ಅರ್ಥಶಾಸ್ತ್ರದಲ್ಲಿ ಪುಸ್ತಕಕ್ಕೆ ಬೆಲೆಯುಂಟು, ಮಾರುಕಟ್ಟೆಯುಂಟು. ಅದನ್ನು ಮಗುವಿನೊಡನೆ ಓದುವ ಅರ್ಧ ಗಂಟೆಗೆ ಎರಡೂ ಇಲ್ಲ. ಹಾಗಾಗಿಯೇ ಇರಬೇಕು, ನಮ್ಮ ಮಧ್ಯಮವರ್ಗದ ಮನೆಗಳು ಮಕ್ಕಳ ಪುಸ್ತಕಗಳಿಗೆ ಧಾರಾಳವಾಗಿ ಖರ್ಚು ಮಾಡಿ, ಕಥೆ ಹೇಳುವ ಕೆಲಸವನ್ನು ಮೊಬೈಲ್ ಫೋನಿಗೆ ಹೊರಗುತ್ತಿಗೆ ಕೊಡುತ್ತಿವೆ. ಹಾಫ್‌ಮನ್ ಚಿತ್ರಕಲೆ ಕಲಿತವರಲ್ಲ, ಬಿಡುವಿದ್ದವರೂ ಅಲ್ಲ. ಖಾಲಿ ನೋಟುಪುಸ್ತಕ ನಮ್ಮ ಪೇಟೆಗಳಲ್ಲೂ ಸಿಗುತ್ತದೆ.