ಇಬ್ನು ಬತೂತಾ ಮರೆಯದ ಉಪಕಾರಗಳು

ಕ್ರಿ.ಶ. 1325ರ ಜೂನ್ ತಿಂಗಳಲ್ಲಿ ಮೊರೊಕ್ಕೊ ದೇಶದ ತಾಂಜೀರ್ ನಗರದಿಂದ 21ರ ಹರೆಯದ ಯುವಕನೊಬ್ಬ ಹಜ್ಜ್ ಯಾತ್ರೆಗೆಂದು ಒಬ್ಬಂಟಿಯಾಗಿ ಹೊರಟ. ತಂದೆ ತಾಯಿ ಇಬ್ಬರೂ ಬದುಕಿದ್ದರು. ಅವರನ್ನು ಅಗಲುವ ಸಂಕಟ ಎದೆಯಲ್ಲಿತ್ತು. ಆತನೇ ಮುಂದೆ ಜಗತ್ಪ್ರಸಿದ್ಧ ಪ್ರವಾಸಿಯಾದ ಇಬ್ನು ಬತೂತಾ. ನಮ್ಮ ಮಕ್ಕಳು ಪಾಠಪುಸ್ತಕಗಳಲ್ಲಿ ಅವರು ಕಂಡ ದೇಶಗಳ, ಸುಲ್ತಾನರ ಬಗ್ಗೆ ಓದುತ್ತಾರೆ. ಆದರೆ ಅವರ ಪ್ರವಾಸ ಗ್ರಂಥದಲ್ಲಿ ಇನ್ನೊಂದು ಲೆಕ್ಕವೂ ಇದೆ. ಯಾವ ಊರಿನಲ್ಲಿ ಯಾರು ತನ್ನ ಕೈ ಹಿಡಿದರು ಎಂಬ ಲೆಕ್ಕ ಅದು.

ಆ ಲೆಕ್ಕ ಕಣ್ಣೀರಿನಿಂದ ಆರಂಭವಾಗುತ್ತದೆ. ದಾರಿಯಲ್ಲೇ ಜ್ವರ ಹಿಡಿಯಿತು. ಬಿದ್ದುಬಿಡುವ ಭಯದಿಂದ ಮುಂಡಾಸಿನ ಬಟ್ಟೆಯಿಂದ ತನ್ನನ್ನೇ ಜೀನಿಗೆ ಕಟ್ಟಿಕೊಂಡು ಪ್ರಯಾಣ ಮುಂದುವರಿಸಿದರು. ಕುಸಂತೀನ ಪಟ್ಟಣದ ಹೊರಗೆ ರಾತ್ರಿಯಿಡೀ ಮಳೆ. ಮರುದಿನ ಅಲ್ಲಿನ ಅಧಿಕಾರಿ ಈ ಯುವಕನ ಕೊಳೆಯಾದ ಬಟ್ಟೆಗಳನ್ನು ಕಂಡು ತನ್ನ ಮನೆಯಲ್ಲೇ ಒಗೆಸಿಕೊಟ್ಟ. ಹೊದೆಯುವ ವಸ್ತ್ರ ಜೀರ್ಣವಾಗಿತ್ತು. ಅದರ ಬದಲು ಉತ್ತಮ ವಸ್ತ್ರವೊಂದನ್ನು ಕಳುಹಿಸಿದ. ಅದರ ಅಂಚಿನಲ್ಲಿ ಎರಡು ಚಿನ್ನದ ದೀನಾರ್‌ಗಳು ಗಂಟು ಹಾಕಲ್ಪಟ್ಟಿದ್ದವು.

ಟ್ಯುನಿಸ್ ತಲುಪಿದಾಗ ಊರಿನವರು ಎದುರುಗೊಳ್ಳಲು ಬಂದಿದ್ದರು. ಪ್ರತಿಯೊಬ್ಬ ಯಾತ್ರಿಕನಿಗೂ ಸಲಾಮ್, ಕುಶಲ ಪ್ರಶ್ನೆ. ಈ ಯುವಕನ ಕಡೆಗೆ ಯಾರೂ ತಿರುಗಲಿಲ್ಲ. ಅಲ್ಲಿ ಅವರಿಗೆ ಪರಿಚಯದವರೇ ಇರಲಿಲ್ಲ. ದುಃಖ ತಡೆಯಲಾರದೆ ಅತ್ತುಬಿಟ್ಟರು. ಸಹಯಾತ್ರಿಕರಲ್ಲೊಬ್ಬರು ಅದನ್ನು ಗಮನಿಸಿ ಹತ್ತಿರ ಬಂದು ಸಲಾಮ್ ಹೇಳಿದರು. ಊರೊಳಗೆ ತಲುಪುವವರೆಗೂ ಆತ್ಮೀಯವಾಗಿ ಮಾತನಾಡಿಸುತ್ತಾ ಜೊತೆಯಲ್ಲೇ ನಡೆದರು. ಅವರು ಕೊಟ್ಟದ್ದು ಅಷ್ಟೇ, ಹಣವಲ್ಲ, ಊಟವಲ್ಲ.

ಮರುವರ್ಷದ ರಮಝಾನ್‌ನಲ್ಲಿ ಅವರು ದಮಾಸ್ಕಸ್‌ನಲ್ಲಿದ್ದರು. ನೂರುದ್ದೀನ್ ಸಖಾವಿ ಎಂಬ ಮಾಲಿಕೀ ವಿದ್ವಾಂಸರು ದಿನವೂ ಇಫ್ತಾರ್‌ಗೆ ತನ್ನ ಮನೆಗೇ ಬರಬೇಕೆಂದು ಕರೆದಿದ್ದರು. ನಾಲ್ಕು ರಾತ್ರಿ ಹೋದ ಇಬ್ನು ಬತೂತಾ ಐದನೆಯ ರಾತ್ರಿ ಕಾಣಿಸಲಿಲ್ಲ, ಮತ್ತೆ ಜ್ವರ. ವಿದ್ವಾಂಸರು ಸುಮ್ಮನಿರಲಿಲ್ಲ. ಆಳನ್ನು ಕಳುಹಿಸಿ ವಿಚಾರಿಸಿ, ಮನೆಗೆ ಕರೆಸಿಕೊಂಡು, ವೈದ್ಯರನ್ನು ಕರೆತಂದು, ಈದ್ ದಿನದವರೆಗೂ ಆರೈಕೆ ಮಾಡಿದರು. ಅಷ್ಟರಲ್ಲಿ ಇಬ್ನು ಬತೂತಾರ ಕೈಯಲ್ಲಿದ್ದ ಹಣ ಮುಗಿದಿತ್ತು. ಹಿಜಾಝ್‌ಗೆ ಹೋಗಲು ಒಂಟೆಗಳನ್ನು ಬಾಡಿಗೆಗೆ ಗೊತ್ತುಮಾಡಿ, ದಾರಿಯ ಬುತ್ತಿ ಕಟ್ಟಿಸಿ, ಆಪತ್ತಿಗಿರಲೆಂದು ಹಣವನ್ನೂ ಕೊಟ್ಟವರು ಅದೇ ಸಖಾವಿ. ಆ ವರ್ಷ ಇಬ್ನು ಬತೂತಾರ ಮೊದಲ ಹಜ್ಜ್ ನೆರವೇರಿತು.

ಕೆಲವು ವರ್ಷಗಳ ಬಳಿಕ ತುರ್ಕಿಯ ಲಾದಿಕ್ (ಇಂದಿನ ಡೆನಿಝ್ಲಿ) ಪೇಟೆಯಲ್ಲಿ ನಡೆದದ್ದು ನಗು ತರಿಸುವಂಥದು. ಇವರ ತಂಡ ಪೇಟೆಗೆ ಕಾಲಿಟ್ಟೊಡನೆ ಅಂಗಡಿಗಳಿಂದ ಇಳಿದುಬಂದ ಕೆಲವರು ಕುದುರೆಗಳ ಕಡಿವಾಣ ಹಿಡಿದರು. ಇನ್ನೊಂದು ಗುಂಪು ಅಡ್ಡ ಬಂತು. ಜಗಳ ಜೋರಾಗಿ ಚೂರಿಗಳೂ ಹೊರಬಂದವು. ಭಾಷೆ ತಿಳಿಯದ ಇವರು ಕಳ್ಳರ ಕೈಗೆ ಸಿಕ್ಕಿಬಿದ್ದೆವೆಂದೇ ನಡುಗಿದರು. ಅರಬಿ ಬಲ್ಲ ಹಾಜಿಯೊಬ್ಬರು ಬಂದು ವಿಷಯ ತಿಳಿಸಿದರು. ಅವರು ಕಳ್ಳರಲ್ಲ, ಅತಿಥಿ ಸತ್ಕಾರವನ್ನೇ ವ್ರತವಾಗಿಸಿಕೊಂಡ ಅಖಿಗಳೆಂಬ ಯುವಕ ಸಂಘದವರು. ಅತಿಥಿಗಳು ಮೊದಲು ಯಾರ ಮನೆಗೆ ಎಂಬುದಕ್ಕೇ ಅಷ್ಟೊಂದು ಜಗಳ! ಕೊನೆಗೆ ಚೀಟಿ ಎತ್ತಿ ತೀರ್ಮಾನಿಸಿದರು.

ಪ್ರಾಣವನ್ನೇ ಉಳಿಸಿದ ಉಪಕಾರ ಲಭಿಸಿದ್ದು ನಮ್ಮ ದೇಶದಲ್ಲಿ. 1333ರಲ್ಲಿ ಸಿಂಧೂ ನದಿ ದಾಟಿದ ಇಬ್ನು ಬತೂತಾ ದೆಹಲಿಯಲ್ಲಿ ಕಾಝಿಯಾಗಿ ವರ್ಷಗಟ್ಟಲೆ ಇದ್ದರು. ಬಳಿಕ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದ. ಕೋಲ್ (ಇಂದಿನ ಅಲೀಗಢ) ಬಳಿ ನಡೆದ ಕಾದಾಟದಲ್ಲಿ ಸಂಗಡಿಗರಿಂದ ಬೇರ್ಪಟ್ಟು ಸುಲಿಗೆಕಾರರ ಕೈಗೆ ಸಿಕ್ಕಿದರು. ಅವರನ್ನು ಕೊಲ್ಲುವುದೆಂದು ತೀರ್ಮಾನವಾಗಿತ್ತು. ಆದರೆ ಆ ಗುಂಪಿನ ಯುವಕನೊಬ್ಬನಿಗೆ ಏನನಿಸಿತೋ, ಬಿಡುಗಡೆ ಬೇಕೇ ಎಂದು ಕೇಳಿ, ದಾರಿ ತೋರಿಸಿ ಬಿಟ್ಟುಬಿಟ್ಟ. ಇಬ್ನು ಬತೂತಾ ತಮ್ಮ ಅಂಗಿಯನ್ನು ಆತನಿಗೆ ಕೊಟ್ಟರು. ಆತ ತನ್ನ ಹಳೆಯ ನೀಲಿ ಅಂಗಿಯನ್ನು ಇವರಿಗೆ ಕೊಟ್ಟ. ಆತ ಬೇರೆ ಧರ್ಮದವನು, ಸುಲಿಗೆಕಾರರ ಸಂಗಡಿಗ. ಆದರೂ ಆ ಅಂಗಿಯ ಬಣ್ಣ ಕೂಡಾ ಇವರ ನೆನಪಿನಿಂದ ಅಳಿಯಲಿಲ್ಲ.

ಬಳಿಕ ಏಳು ದಿನ ಕಾಡುಮೇಡು ಅಲೆದರು. ಬೋರೆ ಹಣ್ಣು, ಸೊಪ್ಪು ತಿಂದು ಜೀವ ಹಿಡಿದುಕೊಂಡರು. ಎಂಟನೆಯ ದಿನ ಬಾಯಾರಿಕೆಯಿಂದ ಕಂಗೆಟ್ಟು ಒಂದು ಬಾವಿಯ ಬಳಿ ಬಂದರು. ಕೊಡವಿಲ್ಲ. ಕಾಲಿನ ಪಾದರಕ್ಷೆಯನ್ನೇ ಕಟ್ಟಿ ಇಳಿಸಿದರು. ಅದೂ ಬಾವಿಗೆ ಬಿತ್ತು. ಇನ್ನೊಂದನ್ನು ಕಟ್ಟುತ್ತಿರುವಾಗ ಕೈಯಲ್ಲಿ ತಂಬಿಗೆ, ಕೋಲು, ಹೆಗಲಲ್ಲಿ ಚೀಲವಿದ್ದ ಕಪ್ಪು ಮೈಬಣ್ಣದ ವ್ಯಕ್ತಿಯೊಬ್ಬರು ಬಂದು ಸಲಾಮ್ ಹೇಳಿದರು. ನೀರು ಸೇದಿ ಕುಡಿಸಿದರು. ಚೀಲದಿಂದ ಹುರಿದ ಕಡಲೆ, ಅನ್ನ ತೆಗೆದು ತಿನ್ನಿಸಿದರು. ಇಬ್ಬರೂ ವುಝೂ ಮಾಡಿ ನಮಾಝ್ ನಿರ್ವಹಿಸಿದರು. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಇಬ್ನು ಬತೂತಾರ ಕಾಲುಗಳು ಸೋತವು. ಆ ವ್ಯಕ್ತಿ ಅವರನ್ನು ಹೆಗಲ ಮೇಲೆ ಹೊತ್ತುಕೊಂಡು, ಅಲ್ಲಾಹನೇ ಸಾಕೆಂಬ ಸ್ಮರಣೆಯನ್ನು ಪಠಿಸುತ್ತಿರಲು ಹೇಳಿ ನಡೆದರು. ಪಠಿಸುತ್ತಲೇ ಇವರಿಗೆ ನಿದ್ದೆ. ನೆಲಕ್ಕೆ ತಾಗಿ ಎಚ್ಚರವಾದಾಗ ಎದುರಿಗೆ ಒಂದು ಹಳ್ಳಿ. ಹೊತ್ತು ತಂದವರು ಮಾತ್ರ ಎಲ್ಲೂ ಇಲ್ಲ.

ತನ್ನ ಹೆಸರು ಸಂತೃಪ್ತ ಹೃದಯ ಎಂಬರ್ಥದ್ದೆಂದು ಅವರು ಹೇಳಿದ್ದರು. ಭಾರತದಲ್ಲಿ ದಿಲ್‌ಶಾದ್ ಎಂಬವರು ನಿನ್ನನ್ನು ಆಪತ್ತಿನಿಂದ ಪಾರು ಮಾಡುವರೆಂದು ಈಜಿಪ್ಟಿನ ಸಜ್ಜನರೊಬ್ಬರು ಹಿಂದೆ ಹೇಳಿದ್ದು ಇಬ್ನು ಬತೂತಾರಿಗೆ ಆಗ ನೆನಪಾಯಿತು. ದಿಲ್‌ಶಾದ್ ಎಂದರೂ ಅದೇ ಅರ್ಥ. ಅದು ಕರಾಮತ್ತೇ ಎಂಬ ಚರ್ಚೆ ನಮಗಿಲ್ಲಿ ಬೇಡ. ಹಸಿದವನಿಗೆ ಉಣಿಸಿ, ನಡೆಯಲಾರದವನನ್ನು ಹೊತ್ತು, ಕೃತಜ್ಞತೆಗೂ ಕಾಯದೆ ಹೋದರಲ್ಲ, ಅಷ್ಟು ಸಾಕು. ಹಳ್ಳಿಯ ಅಧಿಕಾರಿ ಇವರಿಗೆ ಬಿಸಿಯೂಟ ಕೊಟ್ಟು, ಸ್ನಾನ ಮಾಡಿಸಿ, ಉಡಲು ಬಟ್ಟೆ ತರಿಸಿದ. ಕೋಲ್‌ನ ಶಿಬಿರದ ಅರಬನೊಬ್ಬ ಅವನಲ್ಲಿ ಇಟ್ಟುಹೋಗಿದ್ದ ಬಟ್ಟೆಗಳವು. ನೋಡಿದರೆ, ಕೆಲವೇ ದಿನಗಳ ಹಿಂದೆ ಇಬ್ನು ಬತೂತಾರೇ ಆ ಅರಬನಿಗೆ ದಾನವಾಗಿ ಕೊಟ್ಟಿದ್ದ ಬಟ್ಟೆಗಳು!

ನಮ್ಮ ಕರಾವಳಿಯನ್ನೂ ಅವರು ಮರೆತಿಲ್ಲ. ಗೋವೆಯಿಂದ ಕೊಲ್ಲಂವರೆಗಿನ ದಾರಿಯಲ್ಲಿ ಅರ್ಧ ಮೈಲಿಗೊಂದರಂತೆ ಮರದ ತಂಗುಮನೆ, ಬಾವಿ, ನೀರು ಕೊಡಲು ಒಬ್ಬ ಹಿಂದೂ. ಮುಸ್ಲಿಮರಿಗೆ ಪಾತ್ರೆ ಕೊಡದೆ ಕೈಗೆ ಸುರಿಯುವ ಪದ್ಧತಿಯಿತ್ತೆಂಬುದನ್ನೂ ಅವರು ಹೇಳಿದ್ದಾರೆ. ನೀರು ಸಿಕ್ಕಿತೆಂಬುದನ್ನೂ ಹೇಳಿದ್ದಾರೆ. 13 ಬಾಲಕಿಯರ ಶಾಲೆಗಳೂ 23 ಬಾಲಕರ ಶಾಲೆಗಳೂ ಇದ್ದ ಹೊನ್ನಾವರದಲ್ಲಿ ಸುಲ್ತಾನ್ ಜಮಾಲುದ್ದೀನ್ ಆತಿಥ್ಯ ನೀಡಿದರು. ಕಲ್ಲಿಕೋಟೆಯಲ್ಲಿ ಹಡಗು ಕೈತಪ್ಪಿ ಹತ್ತು ದೀನಾರ್ ಮತ್ತು ಮಲಗುವ ಹಾಸು ಮಾತ್ರ ಉಳಿದಾಗಲೂ ಅವರು ಸೇರಿದ್ದು ಹೊನ್ನಾವರವನ್ನೇ.

ಮುಂದೊಮ್ಮೆ ಹೊನ್ನಾವರ ಮತ್ತು ಬಾರ್ಕೂರುಗಳ ನಡುವೆ ಕಡಲುಗಳ್ಳರು 12 ಹಡಗುಗಳಲ್ಲಿ ಬಂದು ಎಲ್ಲವನ್ನೂ ದೋಚಿದರು. ಮೈಮೇಲೆ ಉಳಿದದ್ದು ಷರಾಯಿ ಮಾತ್ರ. ಆ ಸ್ಥಿತಿಯಲ್ಲಿ ಕಲ್ಲಿಕೋಟೆಯ ಮಸೀದಿ ಸೇರಿದಾಗ ಒಬ್ಬ ವಿದ್ವಾಂಸರು ನಿಲುವಂಗಿ, ಕಾಝಿ ಮುಂಡಾಸು, ಒಬ್ಬ ವರ್ತಕ ಇನ್ನೊಂದು ನಿಲುವಂಗಿ ಕಳುಹಿಸಿದರು. ಬರೆದಿಟ್ಟ ಟಿಪ್ಪಣಿಗಳೂ ಆ ದಿನ ಕಳ್ಳರ ಪಾಲಾದವು.

ಇಬ್ನು ಬತೂತಾ ದೋಷವಿಲ್ಲದ ಮನುಷ್ಯರೇನಲ್ಲ. ಮಾಲಿಯ ಸುಲ್ತಾನ ಮೂರು ರೊಟ್ಟಿ, ಒಂದಿಷ್ಟು ಮಾಂಸ, ಮೊಸರು ಕಳುಹಿಸಿದಾಗ ಇಷ್ಟೇನಾ ಎಂದು ನಕ್ಕವರು ಅವರು. ಅದೇ 1352-53ರ ಪ್ರಯಾಣದಲ್ಲಿ ನೈಜರ್ ನದಿಯ ದಡದಲ್ಲಿ ಶೌಚಕ್ಕೆ ಕುಳಿತಾಗ ಸ್ಥಳೀಯನೊಬ್ಬ ಬಂದು ಇವರಿಗೂ ನದಿಗೂ ನಡುವೆ ನಿಂತುಬಿಟ್ಟ. ಎಂಥ ನಾಚಿಕೆಗೆಟ್ಟವನೆಂದು ಇವರಿಗೆ ಸಿಟ್ಟು. ಬೇರೊಬ್ಬರಲ್ಲಿ ದೂರಿಕೊಂಡಾಗ ಕಾರಣ ತಿಳಿಯಿತು. ಆ ನೀರಿನಲ್ಲಿ ಮೊಸಳೆಯಿತ್ತು. ಪರದೇಶಿಯನ್ನು ಅದು ಹಿಡಿಯದಿರಲೆಂದು ಆತ ತನ್ನ ಮೈಯನ್ನೇ ಅಡ್ಡವಿಟ್ಟಿದ್ದ. ತನ್ನ ತಪ್ಪನ್ನು ಮುಚ್ಚಿಡದೆ ಅದನ್ನೂ ಅವರು ಗ್ರಂಥದಲ್ಲಿ ಸೇರಿಸಿದರು.

ಆ ಗ್ರಂಥ ಪೂರ್ಣಗೊಂಡದ್ದು 1355ರ ಡಿಸೆಂಬರ್‌ನಲ್ಲಿ. ಫೆಝ್ ನಗರದಲ್ಲಿ ಅವರು ಹೇಳುತ್ತಾ ಹೋದರು, ಇಬ್ನು ಜುಝಯ್ಯ್ ಬರೆದುಕೊಂಡರು. ತಾಯಿ ಪ್ಲೇಗಿನಲ್ಲಿ ತೀರಿಕೊಂಡಿದ್ದರು, ತಂದೆ ಅದಕ್ಕೂ ಎಷ್ಟೋ ಮೊದಲು. ಟ್ಯುನಿಸ್‌ನಲ್ಲಿ ಸಲಾಮ್ ಹೇಳಿದ ಆ ಹಾಜಿಯ ಹೆಸರು ಗ್ರಂಥದಲ್ಲಿಲ್ಲ. ಆದರೆ 30 ವರ್ಷ ಕಳೆದ ಮೇಲೂ, ಅಳುತ್ತಿದ್ದ ತನ್ನ ಬಳಿ ಅವರು ನಡೆದು ಬಂದದ್ದನ್ನು ಇಬ್ನು ಬತೂತಾ ಮೊದಲ ಪುಟಗಳಲ್ಲೇ ಬರೆಸಿದರು.