ಸಾಲ ತೀರಿಸಿದ ಸ್ವರ

ಹೀರಾಬಾಯಿ ಬಡೋದೇಕರ್ ಅವರ ಹೆಸರೆತ್ತಿದೊಡನೆ ಕಿರಾನಾ ಘರಾಣೆಯ ಮಾಧುರ್ಯದ ಮಾತು ಬರುತ್ತದೆ. ಅವರು ಕಟ್ಟಿ ಕಳೆದುಕೊಂಡ ನಾಟಕ ಕಂಪನಿಯ ಪ್ರಸ್ತಾಪ ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಸರ್ಕಾರಿ ಲೆಕ್ಕಪತ್ರಗಳ ನಡುವೆ ವೃತ್ತಿಜೀವನ ಕಳೆದ ನನಗೆ ಆ ಒಂದು ಸಾಲೇ ಅವರ ಬದುಕಿನ ಮುಖ್ಯ ಅಧ್ಯಾಯವೆನಿಸುತ್ತದೆ.

1905ರಲ್ಲಿ ಮಿರಜಿನಲ್ಲಿ ಜನಿಸಿದ ಹೀರಾಬಾಯಿ, ಉಸ್ತಾದ್ ಅಬ್ದುಲ್ ಕರೀಂ ಖಾನ್ ಹಾಗೂ ತಾರಾಬಾಯಿ ಮಾನೆಯವರ ಮಗಳು. ತಂದೆತಾಯಿ ಬೇರೆಯಾದ ಬಳಿಕ ಮಕ್ಕಳು ತಾಯಿಯೊಡನೆ ಉಳಿದರು. ಪಾಠ ದೊರೆತದ್ದು ಅಣ್ಣ ಸುರೇಶಬಾಬು ಮಾನೆ ಮತ್ತು ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ. ಗಾಯಕಿಯೆಂದರೆ ಸಿರಿವಂತರ ದಿವಾನಖಾನೆಗೆ ಮೀಸಲು ಎಂದು ಸಮಾಜ ನಂಬಿದ್ದ ಕಾಲದಲ್ಲಿ, ಟಿಕೆಟ್ ಇಟ್ಟು ಸಾರ್ವಜನಿಕವಾಗಿ ಹಾಡಿದ ಮೊದಲಿಗರಲ್ಲಿ ಅವರೂ ಒಬ್ಬರು. ಗ್ರಾಮೊಫೋನ್ ತಟ್ಟೆಗಳೂ ಹೆಸರು ತಂದಿದ್ದವು.

ಹೀಗೆ ನೆಲೆ ಕಂಡಿದ್ದ ಗಾಯಕಿ 1920ರ ದಶಕದ ಕೊನೆಯಲ್ಲಿ ಒಡಹುಟ್ಟಿದವರೊಡನೆ ಮರಾಠಿ ಸಂಗೀತ ನಾಟಕಕ್ಕೆ ಇಳಿದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸೌಭದ್ರ’ದಲ್ಲಿ ಅವರು ಸುಭದ್ರೆಯಾದರು. ಬಾಲಗಂಧರ್ವರ ಸ್ತ್ರೀವೇಷವೇ ಹೆಣ್ತನದ ಮಾದರಿಯಾಗಿದ್ದ ರಂಗಭೂಮಿ ಅದು. ಅಲ್ಲಿ ಹೆಣ್ಣೊಬ್ಬಳು ಹೆಣ್ಣಿನ ಪಾತ್ರ ಮಾಡುವುದೂ ಸಾಹಸವೇ ಆಗಿತ್ತು.

ಜನಮೆಚ್ಚುಗೆ ಬೇರೆ, ಜಮಾಖರ್ಚು ಬೇರೆ. ಗಾಯಕಿಗೆ ತಂಬೂರಿ, ತಬಲಾ, ಹಾರ್ಮೋನಿಯಂ ಇದ್ದರೆ ಕಛೇರಿ ನಡೆಯುತ್ತದೆ. ಕಂಪನಿಗಾದರೋ ಆಟವಿಲ್ಲದ ದಿನವೂ ನಟರ ಊಟ, ಸಂಬಳ, ಪರದೆ, ಪ್ರಯಾಣಗಳ ವೆಚ್ಚ ತಪ್ಪದು. ಇದರ ಮೇಲೆ 1931ರಲ್ಲಿ ‘ಆಲಂ ಆರಾ’, ಮರುವರ್ಷ ಮರಾಠಿ ವಾಕ್ಚಿತ್ರ ಬಂದವು. ಪ್ರೇಕ್ಷಕರು ಅತ್ತ ಹೊರಳಿದರು. ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು, ಸಾಲ ಉಳಿಯಿತು.

ಇದನ್ನು ಕಲಾವಿದೆಯ ಅವಿವೇಕವೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಇಡೀ ಉದ್ಯಮವೇ ಕುಸಿಯುತ್ತಿದ್ದಾಗ ಬಾಲಗಂಧರ್ವರಂಥವರೇ ಸಾಲದಲ್ಲಿ ಮುಳುಗಿದ್ದರು. ಹೀರಾಬಾಯಿಯವರು ಮತ್ತೆ ತಂಬೂರಿ ಹಿಡಿದರು. ಕೆಲವು ಚಲನಚಿತ್ರಗಳಲ್ಲಿ ನಟಿಸಿದ್ದುಂಟು. ಆದರೆ ಆಸರೆಯಾದದ್ದು ಕಛೇರಿಯೇ. ಊರೂರು ಸುತ್ತಿ ಹಾಡಿ, ಆ ಗಳಿಕೆಯಲ್ಲಿ ಸಾಲ ತೀರಿಸಿದರು.

ಮರಳಿದ ಗಾಯಕಿಯನ್ನು ಶ್ರೋತೃಗಳು ಕೈಬಿಡಲಿಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರನ್ನು ಹಿರಿಯಕ್ಕನಂತೆ ಕಂಡರು. ಪ್ರಭಾ ಅತ್ರೆಯವರು ಅವರಲ್ಲಿ ಕಲಿತರು. 1965ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1970ರಲ್ಲಿ ಪದ್ಮಭೂಷಣ ಸಂದವು. 1989ರಲ್ಲಿ ಅವರು ತೀರಿಕೊಂಡರು.

ಕಂಪನಿಯ ಪರದೆ, ಪೋಷಾಕುಗಳು ಏನಾದವೋ. ನಾಟಕದ ಪದಗಳನ್ನಂತೂ ಅವರು ಬಿಡಲಿಲ್ಲ. ಖಯಾಲ್, ಠುಮ್ರಿಗಳ ಸಾಲಿನಲ್ಲೇ ಅವುಗಳನ್ನೂ ಕೂರಿಸಿ, ಕಛೇರಿಗಳಲ್ಲಿ ಹಾಡುತ್ತಲೇ ಬಂದರು.