ಜಗಳ ಅಂಗಡಿಯ ಗಾಜಿಗೆ ಬಂದಾಗ

ಮನೆಯಲ್ಲಿ ಸ್ವಲ್ಪ ದನಿ ಏರಿದರೆ ಸಾಕು, ಪಕ್ಕದ ಮನೆಯವರಿಗೆ ಕೇಳಿಸೀತು ಅಂತ ಕಿಟಕಿ ಮುಚ್ಚಲು ಓಡ್ತೀವಿ, ಅಲ್ವಾ? ಇಂಗ್ಲೆಂಡಿನ ರಾಣಿ ಕ್ಯಾರೊಲಿನ್‌ಗೆ ಆ ಭಾಗ್ಯವೂ ಇರಲಿಲ್ಲ. ಅವಳ ಸಂಸಾರದ ಕಥೆ ವ್ಯಂಗ್ಯಚಿತ್ರಗಳಾಗಿ ಲಂಡನ್ನಿನ ಅಂಗಡಿ ಗಾಜುಗಳಲ್ಲಿ ನೇತಾಡುತ್ತಿತ್ತು.

1768ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹುಟ್ಟಿದ ಹುಡುಗಿ. 1795ರಲ್ಲಿ ಮದುವೆಯಾಗಿದ್ದು ಸ್ವಂತ ಸೋದರಮಾವನ ಮಗ, ಯುವರಾಜ ಜಾರ್ಜ್‌ನನ್ನು. ಅವನಿಗೆ ಬೇಕಿದ್ದದ್ದು ಹೆಂಡತಿಯಲ್ಲ, ಸಾಲ ತೀರಿಸುವ ದಾರಿ. ಹತ್ತು ವರ್ಷದ ಹಿಂದೆಯೇ ಮರಿಯಾ ಫಿಟ್ಜ್‌ಹರ್ಬರ್ಟ್ ಎಂಬ ವಿಧವೆಯನ್ನು ಗುಟ್ಟಾಗಿ ಮದುವೆಯಾಗಿದ್ದ. ಕಾನೂನು ಅದನ್ನು ಒಪ್ಪಲಿಲ್ಲ, ಅಷ್ಟೆ. ಕ್ಯಾರೊಲಿನ್‌ಳನ್ನು ಮೊದಲ ಸಲ ನೋಡಿದವನೇ ಬ್ರಾಂದಿ ಕೇಳಿದನಂತೆ! ಮರುವರ್ಷ ಮಗಳು ಷಾರ್ಲೆಟ್ ಹುಟ್ಟಿದಳು, ದಂಪತಿ ಬೇರೆಯಾದರು. ಮಗಳನ್ನು ನೋಡಲೂ ಅಡ್ಡಿ. ಬೇಸತ್ತು 1814ರಲ್ಲಿ ದೇಶ ಬಿಟ್ಟಳು. 1817ರಲ್ಲಿ ಆ ಮಗಳು ಹೆರಿಗೆಯಲ್ಲಿ ತೀರಿಕೊಂಡಾಗ ಗಂಡ ಒಂದು ಸಾಲು ಕಾಗದ ಬರೆಯಲಿಲ್ಲ.

1820ರಲ್ಲಿ ಜಾರ್ಜ್ ದೊರೆಯಾದ. ಇವಳು ಹಕ್ಕು ಕೇಳಿ ವಾಪಸ್ ಬಂದಳು. ತನ್ನ ಇಟಾಲಿಯನ್ ಸೇವಕನ ಜತೆ ಅವಳಿಗೆ ಸಂಬಂಧವಿದೆ ಅಂತ ಹೇಳಿ, ಪಟ್ಟ ತಪ್ಪಿಸಿ ಮದುವೆ ಮುರಿಯುವ ಮಸೂದೆಯನ್ನು ಪಾರ್ಲಿಮೆಂಟಿಗೆ ತಂದರು. ಸಾಕ್ಷ್ಯದ ಕಾಗದಗಳು ಹಸಿರು ಚೀಲಗಳಲ್ಲಿ ಬಂದವು. ಚಿತ್ರಕಾರ ಜಾರ್ಜ್ ಕ್ರೂಕ್‌ಶ್ಯಾಂಕ್‌ಗೆ ಅಷ್ಟೇ ಸಾಕಾಯಿತು, ದೊರೆ-ರಾಣಿ ಇಬ್ಬರನ್ನೂ ಒಂದೊಂದು ಹಸಿರು ಚೀಲದೊಳಗೆ ತುಂಬಿ ನಿಲ್ಲಿಸಿಬಿಟ್ಟ! ತನ್ನನ್ನು ಕೆಟ್ಟದಾಗಿ ಬರೆಯಬಾರದೆಂದು ಅರಮನೆಯಿಂದ ಅವನಿಗೆ 100 ಪೌಂಡ್ ಕೊಡಿಸಿದ್ದರೂ, ವಿಲಿಯಂ ಹೋನ್ ಜತೆ ಸೇರಿ ಅವರ ದಾಂಪತ್ಯದ ಏಣಿಯನ್ನೇ ಚಿತ್ರಿಸಿದ. ಹದಿನಾಲ್ಕು ಮೆಟ್ಟಿಲು, ಮೆಟ್ಟಿಲಿಗೊಂದು ಚಿತ್ರ. ಪುಸ್ತಕದ ಜತೆ ರಟ್ಟಿನ ಪುಟ್ಟ ಏಣಿ ಬೇರೆ, ಆಟದ ಸಾಮಾನಿನ ಹಾಗೆ. ರಾಣಿಯನ್ನೂ ಬಿಡಲಿಲ್ಲ ಅನ್ನಿ, ಅವಳ ಮೈಕಟ್ಟು, ಆ ಸೇವಕ ಎಲ್ಲವೂ ಬೇರೆಯವರ ಚಿತ್ರಗಳಲ್ಲಿ ಬಂದವು. ಅವಳೂ ನಡೆನುಡಿಯಲ್ಲಿ ಅಷ್ಟೇನೂ ಜಾಗರೂಕಳಾಗಿರಲಿಲ್ಲ, ನಿಜ.

ಆದರೂ ಸಾವಿರಾರು ಹೆಂಗಸರು ಅವಳ ಪರ ಮನವಿಗೆ ಸಹಿ ಹಾಕಿದರು. ಮಸೂದೆಗೆ ಸಿಕ್ಕಿದ್ದು ಬರೀ 9 ಮತಗಳ ಬಹುಮತ, ಸರ್ಕಾರ ಅದನ್ನು ಕೈಬಿಟ್ಟಿತು. ಇಲ್ಲೊಂದು ಮಾತು ಗೆಳತಿಯರೇ, ನಿಮ್ಮ ಜಗಳದಲ್ಲಿ ಪಕ್ಷ ವಹಿಸಿ ಬಂದವರು ನಿಮಗಾಗಿ ಬಂದರೋ, ನಿಮ್ಮವರ ಮೇಲಿನ ಸಿಟ್ಟಿಗೆ ಬಂದರೋ ಸ್ವಲ್ಪ ನೋಡಿಕೊಳ್ಳಿ. ಮರುವರ್ಷ ಅವಳು 50,000 ಪೌಂಡ್ ವರ್ಷಾಶನ ಒಪ್ಪಿಕೊಂಡ ಮೇಲೆ ಜನರ ಉತ್ಸಾಹ ಇಳಿದೇ ಹೋಯಿತು.

1821ರ ಜುಲೈ 19, ಗಂಡನ ಪಟ್ಟಾಭಿಷೇಕ. ವೆಸ್ಟ್‌ಮಿನ್‌ಸ್ಟರ್ ಅಬೆಯ ಬಾಗಿಲಿಂದ ಬಾಗಿಲಿಗೆ ಅಲೆದಳು, ಯಾರೂ ಒಳಗೆ ಬಿಡಲಿಲ್ಲ. 19 ದಿನಕ್ಕೆ ತೀರಿಕೊಂಡಳು, 53 ವರ್ಷಕ್ಕೆ. ಶವಪೆಟ್ಟಿಗೆ ಹಡಗೇರಿ ತವರಿಗೆ, ಬ್ರನ್ಸ್‌ವಿಕ್‌ಗೆ ಹೋಯಿತು.